ಭಾರ ಹೊರಬೇಕಾದ್ದು ಮುಚ್ಚಳವಲ್ಲ

ಮಾನ್ಯ ಸಂಪಾದಕರೇ,

ಪಿಕಪ್ ಗಾಡಿಯ ಹಿಂಬದಿ ಬಾಡಿಯನ್ನು, ಅಂದರೆ ಸರಕು ತುಂಬುವ ತೊಟ್ಟಿಯನ್ನು, ಮೇಲಿನಿಂದ ಮುಚ್ಚುವ ಮುಚ್ಚಳದ ಮೇಲೆ ಸರಕಿನ ರ‍್ಯಾಕ್ ಕೂರಿಸುವ ಕುರಿತು ನಿಮ್ಮ ವಾಹನ ಪುಟದಲ್ಲಿ ಬಂದ ಬರಹದ ಒಂದು ಮಾತನ್ನು ತಿದ್ದಲೇಬೇಕು. 'ಮುಚ್ಚಳ 200 ಕೆ.ಜಿ. ತಡೆಯುತ್ತದೆ, ಆದ್ದರಿಂದ ರ‍್ಯಾಕಿನ ಮೇಲೂ ಅಷ್ಟು ಹೇರಬಹುದು' ಎಂದಿದೆ. ಅಂಥ ಅಂಕಿ ನಿಂತ ಗಾಡಿಯಲ್ಲಿ, ಇಡೀ ಮುಚ್ಚಳಕ್ಕೆ ಸಮನಾಗಿ ಹರಡಿದ ಭಾರದ್ದು. ರ‍್ಯಾಕಿನ ಕಾಲು ಊರುವುದು ನಾಲ್ಕೇ ಕಡೆ, ಅಂಗೈಯಗಲದ ಜಾಗದಲ್ಲಿ. ಕೆಸರಿನ ಮೇಲೆ ಹಲಗೆ ಹಾಸಿ ನಡೆಯುವುದೇ ಬೇರೆ, ಕೋಲು ಊರುವುದೇ ಬೇರೆ. ಸಾಲದ್ದಕ್ಕೆ, ಚಕ್ರ ಗುಂಡಿಗಿಳಿದು ಎದ್ದಾಗ 60 ಕೆ.ಜಿ. ಸರಕು ಕ್ಷಣಕಾಲ 120ರ ಹಾಗೆ ಒತ್ತಬಲ್ಲದು. ನೋಡಬೇಕಾದ್ದು ಓಡುವ ಗಾಡಿಗೆಂದು ತಯಾರಕರು ಕೊಟ್ಟ ಮಿತಿಯನ್ನು. ರ‍್ಯಾಕ್, ಮುಚ್ಚಳ ಎರಡರ ತೂಕವೂ ಗಾಡಿಯ ಒಟ್ಟು ಹೊರೆ ಮಿತಿಯಲ್ಲೇ ಕಳೆಯುತ್ತದೆ.

ರೆಕ್ಸಿನ್ ಮುಚ್ಚಳವಾದರೆ ರ‍್ಯಾಕಿನ ಕಾಲು ಬಾಡಿಯ ಪಕ್ಕದ ಗೋಡೆಯ ಅಂಚನ್ನೇ ಸಾಮಾನ್ಯವಾಗಿ ಕ್ಲ್ಯಾಂಪಿನಿಂದ ಹಿಡಿಯಬೇಕು. ಒಳಕ್ಕೆ ಸರಿದು ಸುತ್ತಿಕೊಳ್ಳುವ ಅಲ್ಯೂಮಿನಿಯಂ ಮುಚ್ಚಳಗಳಲ್ಲಿ ಕೆಲವಕ್ಕೆ ಪಕ್ಕದ ಹಳಿಯಲ್ಲೇ ಟಿ ಆಕಾರದ ಸೀಳು ಇರುತ್ತದೆ. ಅಲ್ಲಿ ಭಾರ ಹಳಿಯ ಮೂಲಕ ಗೋಡೆಗೆ ಇಳಿಯುತ್ತದೆ, ಮುಚ್ಚಳದ ಪಟ್ಟಿಗಳಿಗೆ ತಾಗುವುದೇ ಇಲ್ಲ. ಹಾಗಾಗಿ ರ‍್ಯಾಕ್ ಮುಟ್ಟುವ ಮೊದಲು ಬಾಡಿಯ ಒಳಗಿನಿಂದ ಹಳಿಯ ಕ್ಲ್ಯಾಂಪುಗಳನ್ನೆಲ್ಲ ಅಲುಗಾಡಿಸಿ ನೋಡಿ. ಅವೇ ಸಡಿಲವಿದ್ದರೆ ಮೇಲಿನ ಬೋಲ್ಟ್ ಎಷ್ಟು ಬಿಗಿದರೂ ವ್ಯರ್ಥ.

ಟಿ ಬೋಲ್ಟುಗಳನ್ನು ಸೀಳಿನ ತುದಿಯಿಂದ ತೂರಿಸಿ, ಕಾಲುಗಳನ್ನೂ ಅಡ್ಡಪಟ್ಟಿಗಳನ್ನೂ ಕೈಬಿಗಿತದಲ್ಲೇ ನಿಲ್ಲಿಸಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದು ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ಮೀರಿದರೆ ರ‍್ಯಾಕ್ ಸೊಟ್ಟಗಿದೆ ಎಂದೇ ಲೆಕ್ಕ. ಆಗ ಬಿಗಿದರೆ ಹಳಿಗಳು ಒಳಕ್ಕೋ ಹೊರಕ್ಕೋ ಎಳೆಯಲ್ಪಟ್ಟು ಮುಚ್ಚಳ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಅರ್ಧ ಬಿಗಿದ ಮೇಲೊಮ್ಮೆ ಮುಚ್ಚಳ ತೆರೆದು ಮುಚ್ಚಿ ನೋಡಿ, ಆಮೇಲೆ ಎದುರುಬದುರು ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಬಿಗಿತದ ಅಂಕಿ ತಯಾರಕರ ಹಾಳೆಯದ್ದೇ ಇರಲಿ. 8 ಮಿ.ಮೀ. ಬೋಲ್ಟಿಗೆ ಅದು ಸಾಮಾನ್ಯವಾಗಿ 15ರಿಂದ 20 ನ್ಯೂಟನ್ ಮೀಟರ್ ಆಸುಪಾಸು. ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಗನ್ ಮಾತ್ರ ಬೇಡ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ವೇಗವಾಗಿ ತಿರುಗಿದರೆ ಬಿಸಿಯೇರಿ ಅವುಗಳ ಮರೆಗಳು (ತಿರುಪಿನ ಸುರುಳಿ ಗೆರೆಗಳು) ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಕತ್ತರಿಸಿಯೇ ತೆಗೆಯಬೇಕು.

ಗೋಡೆಗೆ ತೂತು ಕೊರೆಯುವುದನ್ನು ಆದಷ್ಟು ತಪ್ಪಿಸಿ. ಅನಿವಾರ್ಯವಾದರೆ ಅಂಚಿನ ಚೂರು ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬೋಲ್ಟ್ ಹಾಕಿ. ಕೊರೆದ ಲೋಹದ ಪುಡಿಯನ್ನು ಅಲ್ಲೇ ಬಿಟ್ಟರೆ ಅದು ಮುಚ್ಚಳದ ಮೇಲೆ ಬಿದ್ದ ನೀರನ್ನು ಹೊರಹಾಕುವ ಡ್ರೈನ್ ಪೈಪಿನ ಬಾಯಲ್ಲಿ ಕಟ್ಟಿಕೊಂಡು, ಮೊದಲ ಮಳೆಗೇ ನೀರು ಬಾಡಿಯೊಳಗೆ ಇಳಿಯುತ್ತದೆ. ಮುಚ್ಚಳ ಸೋರುತ್ತಿದೆ ಎಂಬ ದೂರು ಬಂದಾಗ ರಬ್ಬರು ಬದಲಿಸುವ ಮುನ್ನ ಇದನ್ನೂ, ಕ್ಲ್ಯಾಂಪಿನಡಿ ರಬ್ಬರು ಸಿಕ್ಕಿಕೊಂಡಿದೆಯೇ ಎಂಬುದನ್ನೂ ನೋಡುವುದು ಲೇಸು.

ಬರಹದಲ್ಲಿ ಬಿಟ್ಟುಹೋದ ಇನ್ನೊಂದು ಸಂಗತಿ: ಚಾಸಿ (ಗಾಡಿಯ ಕೆಳಗಿನ ಚೌಕಟ್ಟು) ಮೇಲೆ ಕಟ್ಟಿದ ಪಿಕಪ್‌ಗಳಲ್ಲಿ ಕ್ಯಾಬಿನ್ ಬೇರೆ, ಬಾಡಿ ಬೇರೆ. ಏರುತಗ್ಗಿನಲ್ಲಿ ಚಾಸಿ ತಿರುಚಿದಾಗ ಎರಡೂ ಒಂದೊಂದು ದಿಕ್ಕಿಗೆ ಅಲುಗುತ್ತವೆ. ಉದ್ದದ ಪೈಪನ್ನು ಕ್ಯಾಬಿನ್ ಮೇಲಿನ ರ‍್ಯಾಕಿಗೂ ಹಿಂದಿನದಕ್ಕೂ ಬಿಗಿಯಾಗಿ ಕಟ್ಟಿದರೆ ಆ ಜಗ್ಗಾಟವೆಲ್ಲ ರ‍್ಯಾಕಿನ ಕಾಲಿಗೇ ಬೀಳುತ್ತದೆ. ಬಿರುಕು ಬಿಡುವುದು ಬೆಸುಗೆಯ ಬುಡದಲ್ಲಿ. ಸರಕನ್ನು ಹಿಂದಿನ ರ‍್ಯಾಕಿನ ಎರಡೂ ಅಡ್ಡಪಟ್ಟಿಗಳಿಗೆ ಕಟ್ಟಬೇಕು.

ಮೊದಲ 100 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ. ಕಾಲಿನಡಿಯ ರಬ್ಬರು ಅಷ್ಟರಲ್ಲಿ ಅಮುಕಿಕೊಂಡು ಕೂತಿರುತ್ತದೆ. ಬಿಗಿದ ಪ್ರತಿ ನಟ್ಟಿನಿಂದ ಬುಡದವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟರೆ, ಮುಂದೆ ಯಾವುದು ಸಡಿಲಾಯಿತೆಂಬುದು ಪಾನಾ ಹಿಡಿಯದೆಯೇ ಕಾಣುತ್ತದೆ.

– ವಾಹನ ಬಾಡಿ ಜೋಡಣೆಗಾರರು