ಅರಮನೆ ವಾಸ: ಮುಂಗಡ ಕಟ್ಟುವ ಮೊದಲು ಕೇಳಿ

ಮಾನ್ಯರೇ,

ಡಿಸೆಂಬರ್ ರಜೆ ಹತ್ತಿರವಾದಂತೆ ರಾಜಸ್ಥಾನ ಪ್ರವಾಸದ ಜಾಹೀರಾತುಗಳಲ್ಲಿ ‘ಅರಮನೆಯಲ್ಲಿ ಎರಡು ರಾತ್ರಿ’ ಎಂಬ ಸಾಲು ದಪ್ಪಕ್ಷರದಲ್ಲಿ ಬರುತ್ತದೆ. ಯಾವ ಕಾಲದ ಅರಮನೆ, ಕೋಣೆ ಎಷ್ಟನೇ ಮಹಡಿಯಲ್ಲಿದೆ ಎಂಬುದು ಮಾತ್ರ ಇರುವುದಿಲ್ಲ. ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯುವವರಿಗೆ ಬೇಕಾದದ್ದೇ ಆ ವಿವರ.

ಜೋಧಪುರದ ಉಮೈದ್ ಭವನ 1943ರಲ್ಲಿ ಮುಗಿದದ್ದು. ಬಿಕಾನೇರ್‌ನ ಲಾಲ್‌ಗಢವೂ 20ನೇ ಶತಮಾನದ್ದೇ. ಇಂಥ ಕಟ್ಟಡಗಳಲ್ಲಿ ಓಡಾಟ ಸಲೀಸು. ಅದಕ್ಕೂ ಹಿಂದಿನ ಕೋಟೆ, ಹವೇಲಿಗಳಲ್ಲಿ (ಸಿರಿವಂತರ ಹಳೆಯ ದೊಡ್ಡ ಮನೆಗಳು) ಬಚ್ಚಲು, ಶೌಚಾಲಯ ಈಚೆಗೆ ಸೇರಿಸಿದವು. ಕಲ್ಲಿನ ನೆಲ ಅಗೆಯುವುದು ಕಷ್ಟ, ಪೈಪಿಗೆ ಇಳಿಜಾರು ಬೇಕು. ಹಾಗಾಗಿ ಬಚ್ಚಲಿನ ನೆಲವನ್ನೇ ಎತ್ತರಿಸಿರುತ್ತಾರೆ. ಬಾಗಿಲಲ್ಲಿ ಅರ್ಧ ಅಡಿ ಮೆಟ್ಟಿಲು, ಮೇಲೆ ತಗ್ಗು ಚೌಕಟ್ಟು. ರಾತ್ರಿ ನಿದ್ದೆಗಣ್ಣಲ್ಲಿ ಎದ್ದವರು ಎಡವುವುದೂ ಹಣೆ ಬಡಿಸಿಕೊಳ್ಳುವುದೂ ಇಲ್ಲೇ. ಹೆಚ್ಚಿನ ಕಡೆ ಲಿಫ್ಟ್ ಇಲ್ಲ. ‘ಕಾರು ನಿಲ್ಲುವಲ್ಲಿಂದ ಕೋಣೆಗೆ ಎಷ್ಟು ಮೆಟ್ಟಿಲು?’ ಎಂದು ಫೋನಿನಲ್ಲೇ ಕೇಳಿ. ಮಕ್ಕಳಿದ್ದರೆ ಝರೋಖಾ (ಗೋಡೆಯಿಂದ ಹೊರಚಾಚಿದ ಕಿಟಕಿ) ಇರುವ ಕೋಣೆ ಬೇಡ; ಎಷ್ಟೋ ಕಡೆ ಅದರ ಕಟ್ಟೆ ಮೊಣಕಾಲೆತ್ತರ ಮಾತ್ರ.

ಮರುಭೂಮಿ ಎಂದರೆ ಸೆಕೆ ಎಂದುಕೊಂಡು ತೆಳುಬಟ್ಟೆಯಲ್ಲಿ ಹೊರಡುವವರಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಬಿಕಾನೇರ್, ಜೈಸಲ್ಮೇರ್‌ಗಳ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ ಹಗಲಿನ ಬಿಸಿಲಿಗೆ ಬೇಗ ಬೆಚ್ಚಗಾಗದು, ಎತ್ತರದ ಚಾವಣಿ ಇದ್ದಬದ್ದ ಬಿಸಿಯನ್ನೂ ಮೇಲೆಳೆದುಕೊಳ್ಳುತ್ತದೆ. ಗೋಡೆಯ ಏಸಿ ಬಹಳ ಕಡೆ ತಂಪು ಮಾತ್ರ ಕೊಡುವಂಥದ್ದು. ಹೀಟರ್ ಕೇಳಿದರೆ ಕೊಡುತ್ತಾರೆ, ಆದರೆ 2,000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆಯ ಕೋಣೆಯ 6 ಆಂಪಿಯರ್ ಸಾಕೆಟ್‌ಗೆ ಕನ್ವರ್ಟರ್ ಹಾಕಿ ಚುಚ್ಚಿದರೆ ಪ್ಲಗ್ಗೇ ಕರಗೀತು. ದೊಡ್ಡ ಮೂರು ತೂತಿನ 16 ಆಂಪಿಯರ್ ಸಾಕೆಟ್ ಇದೆಯೇ ನೋಡಿ. ಇಲ್ಲದಿದ್ದರೆ ಇನ್ನೊಂದು ರಜಾಯಿ ಕೇಳಿ ಪಡೆಯುವುದೇ ಕ್ಷೇಮ. ದಕ್ಷಿಣಕ್ಕೆ ಮುಖವಿರುವ ಕೋಣೆ ಸಿಕ್ಕರೆ ಬಿಡಬೇಡಿ.

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಪೂರ್ತಿ ಬಾಡಿಗೆಗೆ ಶೇ 18. ಅಂದರೆ 7,500ರ ಕೋಣೆಗೆ 7,875 ಕಟ್ಟಿದರೆ 7,600ರ ಕೋಣೆಗೆ 8,968 ಕಟ್ಟಬೇಕು. ಡಿಸೆಂಬರ್ 24 ಮತ್ತು 31ರ ರಾತ್ರಿ ‘ಗಾಲಾ ಡಿನ್ನರ್’ ಕಡ್ಡಾಯವೇ, ತಲೆಗೆ ಎಷ್ಟು ಎಂಬುದನ್ನೂ ಬರಹದಲ್ಲಿ ಪಡೆದುಕೊಳ್ಳಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೆರಿಟೇಜ್ ದರ್ಜೆಗೆ ಕಟ್ಟಡ 1950ಕ್ಕೆ ಮೊದಲಿನದಾಗಿರಬೇಕು. ಬೋರ್ಡಿನಲ್ಲಿ ‘ಪ್ಯಾಲೇಸ್’ ಎಂದಿರುವ ಎಷ್ಟೋ ಹೋಟೆಲುಗಳು ಹಳದಿ ಕಲ್ಲು ಹೊದಿಸಿದ ಕಾಂಕ್ರೀಟ್ ಕಟ್ಟಡಗಳು.

ಒಂದು ವಿಷಯವನ್ನು ಒತ್ತಿ ಹೇಳಬೇಕಿದೆ. ಜೈಸಲ್ಮೇರ್ ಕೋಟೆಯೊಳಗಿನ ಹೋಟೆಲಿನಲ್ಲಿ ದಯವಿಟ್ಟು ತಂಗಬೇಡಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಈ ಕೋಟೆ 2013ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಜನ ಇಂದಿಗೂ ಒಳಗೆ ಬಾಳುವೆ ಮಾಡುತ್ತಿದ್ದಾರೆ. ಗಡಿಸರ್ ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದ ಬಳಕೆಗೆ ತಕ್ಕಂತೆ ಕಟ್ಟಿದ್ದು ಅದು. ನಲ್ಲಿ ಬಂದಮೇಲೆ, ಕೋಣೆಗೊಂದು ಶವರ್, ಫ್ಲಶ್ ಆದಮೇಲೆ, ಸೋರುವ ಪೈಪು ಮತ್ತು ಚರಂಡಿಯ ನೀರು ಗುಡ್ಡದೊಳಗಿನ ಜೇಡಿಪದರಕ್ಕೆ ಇಳಿಯುತ್ತಿದೆ. ಜೇಡಿ ನೆನೆದು ಜಾರಿದರೆ ಮೇಲಿನ ಗೋಡೆಗೆ ಆಸರೆಯಿಲ್ಲ. ಬುರುಜುಗಳು ಕುಸಿದದ್ದೂ ಹೀಗೆಯೇ. ಕೆಳಗಿನ ಊರಿನಲ್ಲೂ ಹಳೆಯ ಹವೇಲಿ, ಅರಮನೆಗಳಲ್ಲಿ ಕೋಣೆ ಸಿಗುತ್ತದೆ, ಸಂಜೆಯ ಬಿಸಿಲಿಗೆ ಕೋಟೆ ಚಿನ್ನದಂತೆ ಹೊಳೆಯುವುದು ಕಾಣುವುದೂ ಅಲ್ಲಿಂದಲೇ. ನಮ್ಮ ಪ್ರವಾಸ ಏಜೆನ್ಸಿಗಳು ಹೋಟೆಲ್ ಕೋಟೆಯ ಒಳಗೋ ಹೊರಗೋ ಎಂಬುದನ್ನು ಜಾಹೀರಾತಿನಲ್ಲೇ ಮುದ್ರಿಸಲಿ.

– ಓದುಗರು, ಹುಬ್ಬಳ್ಳಿ