ಹತ್ತು ಸಲ ಬರೆಸಿದರೆ ಕಾಗುಣಿತ ಬಾರದು

ಮಾನ್ಯರೆ,

ಮಕ್ಕಳ ಉತ್ತರ ಪತ್ರಿಕೆಯ ತಪ್ಪುಗನ್ನಡ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದಾಗಲೆಲ್ಲ ‘ಈಗಿನ ಮೇಷ್ಟ್ರುಗಳು ಏನು ಕಲಿಸುತ್ತಾರೆ’ ಎಂಬ ಮಾತು ಏಳುತ್ತದೆ. ಪರಿಹಾರವೂ ಅದರ ಹಿಂದೆಯೇ ಬರುತ್ತದೆ: ತಪ್ಪಿದ ಪದವನ್ನು ಹತ್ತು ಸಲ ಬರೆಸಿ. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಈ ಮದ್ದಿನಲ್ಲಿ ನಂಬಿಕೆಯಿಲ್ಲ. ಮಗು ಸುಮ್ಮನೆ ತಪ್ಪು ಬರೆಯುವುದು ಕಡಿಮೆ. ಒಂದೊಂದು ತಪ್ಪಿಗೂ ಒಂದು ಕಾರಣವಿರುತ್ತದೆ, ಅದನ್ನು ಹುಡುಕುವುದೇ ಶಿಕ್ಷಕರ ಕೆಲಸ ಎಂದು ನಂಬಿದವಳು ನಾನು.

ಹತ್ತು ಸಲ ಬರೆಯುವ ಮಗುವಿನ ಪಕ್ಕ ಕೂತು ನೋಡಿ. ಅದು ‘ಸೂರ್ಯ’ ಎಂದು ಹತ್ತು ಸಲ ಬರೆಯುವುದೇ ಇಲ್ಲ. ಮೊದಲು ಮೇಲಿನಿಂದ ಕೆಳಗೆ ಹತ್ತು ‘ಸೂ’ ಇಳಿಸುತ್ತದೆ. ಆಮೇಲೆ ಹತ್ತು ‘ಯ’, ಕೊನೆಗೆ ಹತ್ತು ಅರ್ಕಾವತ್ತು. ಬೇಗ ಮುಗಿಯುತ್ತದಲ್ಲ! ಪದ ಒಮ್ಮೆಯೂ ಬಾಯಿಗೆ ಬಂದಿರುವುದಿಲ್ಲ. ಅಡ್ಡಸಾಲಿನಲ್ಲಿ ಬರೆಸಿದರೂ ಮಗುವಿನ ಕಣ್ಣು ಮೇಲಿನ ಸಾಲಿನ ಮೇಲಿರುತ್ತದೆಯೇ ಹೊರತು ಬೋರ್ಡಿನ ಮೇಲಲ್ಲ. ಎರಡನೇ ಸಾಲಿನಲ್ಲಿ ನುಸುಳಿದ ತಪ್ಪು ಹತ್ತನೇ ಸಾಲಿನವರೆಗೂ ಇಳಿಯುತ್ತದೆ.

ಈ ಅರ್ಕಾವತ್ತನ್ನೇ ತೆಗೆದುಕೊಳ್ಳಿ. ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಕೈಯಲ್ಲಿ ‘ಯ’ ಮೊದಲು, ಅರ್ಕ ಆಮೇಲೆ. ‘ಸೂಯ್ರ’ ಎಂದು ಬರೆದ ಮಗು ಕಣ್ಣಿಗೆ ಕಂಡ ಸಾಲನ್ನು ನಿಷ್ಠೆಯಿಂದ ಪಾಲಿಸಿದೆ. ಅದಕ್ಕೆ ಬೇಕಾದದ್ದು ‘ಕ್ರಮ–ಕರ್ಮ’ದಂಥ ಜೋಡಿ. ಎರಡನ್ನೂ ಜೋರಾಗಿ ಹೇಳಿಸಿ, ‘ರ’ಕಾರ ಎಲ್ಲಿ ಕೇಳಿಸಿತು ಎಂದು ಕೇಳಿ, ಆಮೇಲೆ ಬೋರ್ಡಿನಲ್ಲಿ ಅದು ಎಲ್ಲಿ ಕೂತಿದೆ ಎಂದು ತೋರಿಸಬೇಕು. ಐದು ನಿಮಿಷದ ಕೆಲಸ. ಮರುವಾರ ಪರೀಕ್ಷಿಸುವಾಗ ‘ಸೂರ್ಯ’ವನ್ನೇ ಮತ್ತೆ ಕೊಡಬಾರದು, ಕಾರ್ಯ, ಹರ್ಷ, ವರ್ಷ ಕೊಡಬೇಕು. ಅವು ಸರಿಬಂದರೆ ಮಾತ್ರ ಮಗುವಿಗೆ ವಿಷಯ ಹಿಡಿದಿದೆ ಎಂದರ್ಥ.

ಒತ್ತಕ್ಷರದ ತೊಡಕು ಬೇರೆ. ಕ್ಕ, ಗ್ಗ, ಳ್ಳ ಬರೆಯುವಾಗ ತಲೆಕಟ್ಟು ಬಿಟ್ಟ ಅದೇ ಅಕ್ಷರ ಕೆಳಗೆ ಕೂರುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರವನ್ನು ಹೋಲುವುದಿಲ್ಲ. ದುರದೃಷ್ಟಕ್ಕೆ ಅಮ್ಮ, ಅನ್ನ, ಹಲ್ಲು, ಹತ್ತು ಹೀಗೆ ಮಗು ದಿನವೂ ಆಡುವ ಪದಗಳಲ್ಲಿ ಇವೇ ತುಂಬಿವೆ. ಈ ಆರನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಕಷ್ಟ ತೀರುತ್ತದೆ. ಸಜಾತಿ ಒತ್ತು (ಅಕ್ಷರದ ಕೆಳಗೆ ಅದರದೇ ಒತ್ತು) ಗಟ್ಟಿಯಾಗುವ ಮೊದಲು ವಿಜಾತಿಗೆ (ಬೇರೆ ಅಕ್ಷರದ ಒತ್ತಿಗೆ) ಹೋಗಬಾರದು. ಒತ್ತನ್ನೇ ಬಿಟ್ಟು ಬರೆಯುವ ಮಗುವಿಗೆ ಆಕಾರ ಗೊತ್ತಿದ್ದರೂ ಕಿವಿಗೆ ಒತ್ತು ಬಿದ್ದಿರುವುದಿಲ್ಲ. ಅಂಥವರಿಗೆ ‘ಕತೆ–ಕತ್ತೆ’, ‘ಬಳಿ–ಬಳ್ಳಿ’ ಹೇಳಿಸಿ, ‘ಕತ್–ತೆ’ ಎಂದು ಬಿಡಿಸಿ ಚಪ್ಪಾಳೆ ತಟ್ಟಿಸಬೇಕು. ‘ಕತೆ ಓಡಿತು’ ಎಂದು ಬರೆದದ್ದನ್ನು ಮಗುವಿನ ಕೈಯಲ್ಲೇ ಓದಿಸಿದರೆ ಇಡೀ ತರಗತಿ ನಗುತ್ತದೆ, ಬರೆದವನೂ ನಗುತ್ತಾನೆ.

ಇನ್ನು ಕೆಲವು ತಪ್ಪುಗಳನ್ನು ಹುಟ್ಟಿಸುವವರು ನಾವೇ. ಉಕ್ತಲೇಖನ ಕೊಡುವಾಗ ಮಕ್ಕಳಿಗೆ ಕೇಳಿಸಲಿ ಎಂದು ‘ಮನೇ...’, ‘ಕೊಡೂ...’ ಎಂದು ಕೊನೆಯನ್ನು ಎಳೆಯುತ್ತೇವೆ. ಮಗು ಕೇಳಿಸಿದಂತೆಯೇ ದೀರ್ಘ ಬರೆಯುತ್ತದೆ, ಅದಕ್ಕೆ ಕೆಂಪು ಗೀಟು ಬೀಳುತ್ತದೆ. ಪದವನ್ನು ಮಾತಿನ ವೇಗದಲ್ಲೇ ಒಮ್ಮೆ ಹೇಳಿ, ಒಂದು ವಾಕ್ಯದಲ್ಲಿಟ್ಟು ಹೇಳಿ, ಮತ್ತೊಮ್ಮೆ ಬರಿಯ ಪದ ಹೇಳಿದರೆ ಸಾಕು. ‘ಯಕ್ಕೆ ಅರ್ಕಾವತ್ತು’ ಎಂದು ಸುಳಿವು ಕೊಟ್ಟರೆ ಅದು ಉಕ್ತಲೇಖನವಾಗಿ ಉಳಿಯುವುದಿಲ್ಲ.

ಮಹಾಪ್ರಾಣದ ವಿಷಯದಲ್ಲಂತೂ ನಾವು ಅನ್ಯಾಯವನ್ನೇ ಮಾಡುತ್ತಿದ್ದೇವೆ. ‘ಧನ’ವನ್ನು ‘ದನ’ ಎಂದೇ ಉಚ್ಚರಿಸಿ, ‘ಧನ’ ಬರೆಯಲಿಲ್ಲವೆಂದು ಅಂಕ ಕಳೆಯುತ್ತೇವೆ. ಕಿವಿಗೆ ಬೀಳದ ವ್ಯತ್ಯಾಸವನ್ನು ಮಗು ಕಣ್ಣಿನಿಂದಲೇ ಕಲಿಯಬೇಕು, ಅಂದರೆ ಓದುತ್ತ ಓದುತ್ತ. ಅದಕ್ಕೆ ಹೊತ್ತು ಹಿಡಿಯುತ್ತದೆ. ಎರಡು ಮೂರನೇ ತರಗತಿಯಲ್ಲಿ ಅದಕ್ಕೆ ಅಂಕ ಕಳೆಯದಿದ್ದರೆ ಕನ್ನಡವೇನೂ ಮುಳುಗುವುದಿಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲು ‘ಆಲು’, ಹಸು ‘ಅಸು’. ಮನೆಯ ಮಾತನ್ನು ಬೈದು ಈ ‘ಹ’ಕಾರ ತರಿಸಲಾಗದು. ‘ಹಕ್ಕಿ–ಅಕ್ಕಿ’ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಬರೆಯುವಾಗ ಯಾಕೆ ಬೇರೆ ಮಾಡಬೇಕು ಎಂದು ತೋರಿಸಿದರೆ ಮಗು ಒಪ್ಪುತ್ತದೆ.

ಮೂವತ್ತು ಮಕ್ಕಳಿಗೆ ಇದೆಲ್ಲ ಸಾಧ್ಯವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ದಿನವೂ ಬೇಡ, ವಾರಕ್ಕೊಮ್ಮೆ ಹತ್ತು ಪದ ಸಾಕು. ಇಡೀ ಪದಕ್ಕೆ ಗೀಟು ಎಳೆಯದೆ ತಪ್ಪಿದ ಅಕ್ಷರಕ್ಕಷ್ಟೇ ಸುತ್ತು ಹಾಕಿ. ಒಂದು ಹಾಳೆಯಲ್ಲಿ ನಾಲ್ಕು ಕಲಂ ಗೀಚಿಕೊಳ್ಳಿ: ಹ್ರಸ್ವ–ದೀರ್ಘ, ಒತ್ತು, ಅರ್ಕಾವತ್ತು, ಉಚ್ಚಾರ. ಯಾರ ತಪ್ಪು ಯಾವ ಕಲಮಿನದೋ ಅಲ್ಲಿ ಆ ಮಗುವಿನ ಹೆಸರು. ಮೂವತ್ತು ಮಕ್ಕಳು ನಾಲ್ಕು ಗುಂಪಾಗುತ್ತಾರೆ. ದಿನಕ್ಕೊಂದು ಗುಂಪಿಗೆ ಹತ್ತು ನಿಮಿಷ. ಎರಡು ಕಲಮಿನಲ್ಲಿ ಹೆಸರಿರುವ ಮಗುವಿಗೆ ಒಂದನ್ನು ಮುಗಿಸಿಯೇ ಇನ್ನೊಂದು. ಎಲ್ಲ ಕಲಮಿನಲ್ಲೂ ಹೆಸರಿದ್ದರೆ ತೊಂದರೆ ಕಾಗುಣಿತದ್ದಲ್ಲ, ಆ ಮಗುವಿಗೆ ಇನ್ನೂ ಓದಲು ಬರುತ್ತಿಲ್ಲ. ಅದಕ್ಕೆ ಉಕ್ತಲೇಖನ ನಿಲ್ಲಿಸಿ ಓದಿನಿಂದ ಶುರುಮಾಡಬೇಕು.

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ನಮೂನೆ, ಅಂಕಿಅಂಶಗಳಿಗೇ ಹೊತ್ತು ಹೋಗುತ್ತದೆ. ಒಂದು ಸಭೆಗಾದರೂ ಎಲ್ಲರೂ ತಮ್ಮ ತರಗತಿಯ ಐದು ಉಕ್ತಲೇಖನ ಪುಸ್ತಕ ತಂದು, ತಪ್ಪುಗಳನ್ನು ಕೂಡಿ ಕುಳಿತು ವಿಂಗಡಿಸುವಂತಾಗಲಿ ಎಂದು ಸಿಆರ್‌ಪಿಗಳಲ್ಲಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಲ್ಲಿ) ಕೋರುತ್ತೇನೆ. ಅದಕ್ಕೆ ಹೊಸ ಆದೇಶವೂ ಬೇಡ, ಅನುದಾನವೂ ಬೇಡ.

– ಪ್ರಾಥಮಿಕ ಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ