ಮಸುಕು ಚೌಕದ ಹಿಂದೆ ನಮ್ಮ ಹೆಸರಿದೆ: ಕೊಪ್ಪಳ ಸಂಸದರಿಗೆ ಒಂದು ಬಹಿರಂಗ ಪತ್ರ

ಕೊಪ್ಪಳದ ಮಾನ್ಯ ಲೋಕಸಭಾ ಸದಸ್ಯರಿಗೆ ಗಂಗಾವತಿಯಿಂದ ನಮಸ್ಕಾರ.

ನಾನು 18 ವರ್ಷ ಇಲ್ಲಿನ ಒಂದು ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಕ್ಯಾಮೆರಾ ಹಿಡಿದವನು. ಈಗ ಮದುವೆ, ಗೃಹಪ್ರವೇಶದ ವಿಡಿಯೋ ಮಾಡಿಕೊಂಡಿದ್ದೇನೆ. ಆದರೂ ಸುದ್ದಿ ಮಾಡುವ ಹುಡುಗರು ಬ್ಯಾಟರಿ ಚಾರ್ಜ್ ಹಾಕೋಕೆ, ಮೆಮರಿ ಕಾರ್ಡ್ ಖಾಲಿ ಮಾಡೋಕೆ ನನ್ನ ಅಂಗಡಿಗೇ ಬರುತ್ತಾರೆ. ಅವರ ಪರವಾಗಿ ಈ ಪತ್ರ. ನಿಮಗೇ ಬರೆಯೋಕೆ ಕಾರಣ ಇದೆ. ನಿಮ್ಮ ಕ್ಷೇತ್ರ ಹೆಸರಿಗೆ ಕೊಪ್ಪಳ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಅದರಲ್ಲಿವೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಇದೆ. ನಮ್ಮ ಮೂರೂ ಜಿಲ್ಲೆಯ ಮಾತನ್ನು ದೆಹಲಿಯಲ್ಲಿ ಒಂದೇ ಬಾಯಿಂದ ಹೇಳಬಲ್ಲವರು ನೀವೊಬ್ಬರೇ.

2024ರ ಆಗಸ್ಟ್ 10ರ ರಾತ್ರಿ ನಿಮಗೂ ನೆನಪಿರುತ್ತದೆ. ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೇ ಗೇಟಿನ ಚೈನ್ ಕಡಿದು, ಗೇಟೇ ಕೊಚ್ಚಿಕೊಂಡು ಹೋಯಿತು. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗನೊಬ್ಬ ಸುದ್ದಿ ತಿಳಿದ ತಕ್ಷಣ ಬೈಕ್ ಹತ್ತಿದ. ಮುನಿರಾಬಾದ್ ಕಡೆಯಿಂದ ಎಷ್ಟು ಹತ್ತಿರ ಬಿಟ್ಟರೋ ಅಷ್ಟು ಹತ್ತಿರ ಹೋಗಿ ನಿಂತ. ಬೆಳಕು ಹರಿಯುವ ಹೊತ್ತಿಗೆ ಅವನ ಕ್ಯಾಮೆರಾದಲ್ಲಿ 11 ನಿಮಿಷದ ಚಿತ್ರ ಇತ್ತು. ತುಂತುರು ಹಾರಿ ಲೆನ್ಸ್ ಪದೇಪದೇ ಒದ್ದೆಯಾಗಿದೆ. ನಡುನಡುವೆ ಅವನ ಅಂಗಿಯ ತುದಿ ಬಂದು ಲೆನ್ಸ್ ಒರೆಸುವುದು ಕಾಣುತ್ತದೆ.

ಬೆಳಿಗ್ಗೆ ಒಂದು ರಾಷ್ಟ್ರೀಯ ಚಾನೆಲ್‌ನವರಿಂದ ವಾಟ್ಸಾಪ್ ಬಂತು. ‘ಲೋಗೋ ಇಲ್ಲದ್ದು ಇದ್ರೆ ಕಳ್ಸಿ.’ ಅವನು ಆಗಲೇ ತನ್ನ ಚಾನೆಲ್‌ನ ಲೋಗೋ ಹಾಕಿ ಗ್ರೂಪ್‌ಗೆ ಬಿಟ್ಟಿದ್ದ. ಇವನು ಉತ್ತರ ಕೊಡುವುದರೊಳಗೆ ಅದನ್ನೇ ಎತ್ತಿಕೊಂಡರು. ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಇಬ್ಬರೂ ಕೂತು ನೋಡಿದೆವು. ಅದೇ ನೀರು, ಅದೇ ಒದ್ದೆ ಲೆನ್ಸ್. ಬಲಮೂಲೆಯಲ್ಲಿ ಲೋಗೋ ಇದ್ದ ಜಾಗಕ್ಕೆ ಒಂದು ಮಸುಕು ಚೌಕ. ಎಡಗಡೆ ಅವರ ದೊಡ್ಡ ಲೋಗೋ, ಕೆಳಗೆ ‘ಎಕ್ಸ್‌ಕ್ಲೂಸಿವ್’ ಅಂತ ಕೆಂಪು ಪಟ್ಟಿ. ಹುಡುಗ ಏನೂ ಮಾತಾಡಲಿಲ್ಲ. ಚಹಾ ಆರಿ ಹೋಯಿತು. ಪೆಟ್ರೋಲ್ ಖರ್ಚೂ ಅವನದೇ.

ಆ ದಿನ ಇಲ್ಲಿನ ಜನ ಕೇಳುತ್ತಿದ್ದದ್ದು ಬೇರೆಯೇ ಪ್ರಶ್ನೆ. ಕಂಪ್ಲಿ ಸೇತುವೆ ಮುಳುಗ್ತದಾ? ಆನೆಗೊಂದಿ ದಂಡೆಯ ಗದ್ದೆ ಗತಿ ಏನು? ನಾಟಿ ಮಾಡಿ ಕೂತಿದ್ದೀವಿ, ಎಡದಂಡೆ ಕಾಲುವೆಗೆ ಮುಂದೆ ನೀರು ಬರ್ತದೋ ಇಲ್ವೋ? ಕಾರಟಗಿಯಿಂದ, ಸಿಂಧನೂರಿನಿಂದ ನನ್ನ ಮೊಬೈಲ್‌ಗೇ ಫೋನು ಬರುತ್ತಿತ್ತು, ನಾನು ಸುದ್ದಿ ಕೆಲಸ ಬಿಟ್ಟಿದ್ದು ಗೊತ್ತಿದ್ದೂ. ಆ ರಾಷ್ಟ್ರೀಯ ಚಾನೆಲ್‌ನಲ್ಲಿ ಅಣೆಕಟ್ಟು ಕಾಣುತ್ತಿತ್ತು, ಅದರ ಕೆಳಗಿನ ಊರುಗಳು ಕಾಣಲಿಲ್ಲ. ಕಂಪ್ಲಿ ಸೇತುವೆ ಮೇಲೆ ಎಷ್ಟು ನೀರಿದೆ ಅಂತ ತೋರಿಸಿದವನು ಮತ್ತೆ ಇದೇ ಹುಡುಗ.

ಇದು ಒಬ್ಬ ಹುಡುಗನ ದೂರು ಅಂತ ಪಕ್ಕಕ್ಕಿಡಬೇಡಿ. ನಮ್ಮ ಕಸುಬಿನಲ್ಲಿ ಲೋಗೋ ಅಂದರೆ ಅನ್ನ. ಪ್ರೆಸ್‌ಮೀಟ್ ಇದ್ದಾಗ ಟೇಬಲ್ ಮೇಲೆ ಮೈಕ್ ಇಡುವುದನ್ನು ನೀವೇ ದಿನಾ ನೋಡುತ್ತೀರಿ. ದೊಡ್ಡ ಚಾನೆಲ್‌ನ ಲೋಗೋ ನಡುವೆ, ನಮ್ಮದು ಅಂಚಿಗೆ. ನಾಯಕರ ಆಪ್ತರು ಬಂದು ನಮ್ಮ ಮೈಕನ್ನು ಇನ್ನೂ ಅತ್ತ ಸರಿಸುತ್ತಾರೆ. ಸಂಬಳವಿಲ್ಲದೆ ಸ್ಟೋರಿ ಲೆಕ್ಕದಲ್ಲಿ ದುಡಿಯುವ ಕೆಲವು ಸ್ಟ್ರಿಂಗರ್‌ಗಳ ಬ್ಯಾಗಲ್ಲಿ ನಾಲ್ಕೈದು ಲೋಗೋ ಇರುತ್ತವೆ. ಒಂದೇ ಮೈಕಿಗೆ ಒಂದು ತೆಗೆದು ಇನ್ನೊಂದು ಸಿಗಿಸುತ್ತಾರೆ. ಒಂದು ಸ್ಟೋರಿಗೆ ಇಷ್ಟು ಅಂತ ಸಿಗುವ ದುಡ್ಡಿನಲ್ಲಿ ಮನೆ ನಡೆಯಬೇಕಲ್ಲ. ಲೋಗೋ ಅಳಿಸಿದರೆ ಆ ಚಿತ್ರ ಯಾರದು ಅನ್ನುವುದೂ ಅಳಿಸಿ ಹೋಗುತ್ತದೆ. ನಾಳೆ ಜಾಹೀರಾತು ಕೇಳಲು ಹೋದಾಗ ಅಂಗಡಿಯವರು ‘ನಿಮ್ಮ ಚಾನೆಲ್ ಯಾರು ನೋಡ್ತಾರ್ರೀ’ ಅನ್ನುತ್ತಾರೆ. ದೇಶವೇ ನೋಡಿರುತ್ತದೆ, ಬೇರೆಯವರ ಹೆಸರಲ್ಲಿ.

ಖಾಸಗಿ ನೆಟ್‌ವರ್ಕ್‌ಗಳ ವಿಷಯ ಇಲ್ಲಿ ಜಾಸ್ತಿ ಎಳೆಯುವುದಿಲ್ಲ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. 2016ರಲ್ಲಿ ಸುವರ್ಣ ‘ಸ್ಟಾರ್ ಸುವರ್ಣ’ ಆಯಿತು. ಅದು ಅವರ ಆಸ್ತಿ, ಅವರ ವ್ಯಾಪಾರ. ನಾನು ಕೇಳುತ್ತಿರುವುದು ನಮ್ಮ ತೆರಿಗೆಯಲ್ಲಿ ನಡೆಯುವ ದೂರದರ್ಶನದ ಬಗ್ಗೆ. ಅಲ್ಲಿ ನಿಮ್ಮ ಪ್ರಶ್ನೆಗೆ ಬೆಲೆ ಇದೆ.

ನಮ್ಮ ಈ ಸೀಮೆಗೂ ಟಿವಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ದೇಶದ ಎಷ್ಟೋ ದೊಡ್ಡ ಪಟ್ಟಣಗಳಲ್ಲೇ ಟಿವಿ ಇಲ್ಲದಿದ್ದಾಗ ನಮ್ಮ ಹಳ್ಳಿಗಳಿಗೆ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ ಅನ್ನುವ ಪ್ರಯೋಗ ನಡೆಯಿತು. ಆರು ರಾಜ್ಯಗಳ 2,400 ಹಳ್ಳಿಗಳು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ಆಗ ನಮ್ಮ ಕೊಪ್ಪಳವೂ ರಾಯಚೂರು ಜಿಲ್ಲೆಯೊಳಗೇ ಇತ್ತು. ನಮ್ಮಪ್ಪ ಅಂಥ ಒಂದು ಹಳ್ಳಿಯಲ್ಲಿ ಮಾಸ್ತರರಾಗಿದ್ದರು. ಶಾಲೆಯ ಅಂಗಳದಲ್ಲಿ ತಂತಿ ಜಾಲರಿಯ ದೊಡ್ಡ ಛತ್ರಿ, ಒಳಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಟಿವಿ. ಬೀಗದ ಕೈ ಅಪ್ಪನ ಉಡುದಾರದಲ್ಲಿ. ಸಂಜೆ ಹೆಣ್ಣುಮಕ್ಕಳು ರೊಟ್ಟಿ ಬಡಿದಿಟ್ಟು, ಕೂಸು ಎತ್ತಿಕೊಂಡು ಬಂದು ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರಂತೆ. ಬೆಳೆ, ದನಕರು, ಮಕ್ಕಳ ಆರೋಗ್ಯದ ಮಾತು ಕನ್ನಡದಲ್ಲಿ ಬಂದರೆ ಯಾರೂ ಕದಲುತ್ತಿರಲಿಲ್ಲ. ದೆಹಲಿಯ ಹಿಂದಿ ಸುದ್ದಿ ಶುರುವಾಗುತ್ತಿದ್ದಂತೆ ಒಬ್ಬೊಬ್ಬರೇ ಏಳುತ್ತಿದ್ದರು. ಅಪ್ಪ ಇದನ್ನು ಕೊನೆತನಕ ಹೇಳುತ್ತಿದ್ದರು.

ಆ ಪ್ರಯೋಗದ ಫಲವಾಗಿಯೇ 1977ರಲ್ಲಿ ಕಲಬುರಗಿಗೆ ದೂರದರ್ಶನ ಬಂತು. 2021ರಲ್ಲಿ ಹಳೆಯ ಅನಲಾಗ್ ಪ್ರಸಾರ ನಿಲ್ಲಿಸುವಾಗ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಅಂತ ಸುದ್ದಿ ಎದ್ದಿತು. ಆಗ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಹೇಳಿದ್ದು ಇಷ್ಟು: ನಿಲ್ಲುವುದು ಟ್ರಾನ್ಸ್‌ಮಿಟರ್ ಮಾತ್ರ, ಕೇಂದ್ರ ಕಾರ್ಯಕ್ರಮ ಮಾಡುತ್ತಲೇ ಇರುತ್ತದೆ, ಅವು ಡಿಡಿ ಚಂದನದಲ್ಲಿ ಪ್ರಸಾರವಾಗುತ್ತವೆ. ಸಂಸದರೇ, ಇದು ಸರ್ಕಾರಿ ಸಂಸ್ಥೆ ಜನರಿಗೆ ಕೊಟ್ಟ ಮಾತು. ಈಗ ಲೋಕಸಭೆಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಆ ಮಾತು ಕೊಟ್ಟಾಗಿನಿಂದ ವರ್ಷಕ್ಕೆ ಎಷ್ಟು ಗಂಟೆ ಕಲಬುರಗಿ ಕಾರ್ಯಕ್ರಮ ಚಂದನದಲ್ಲಿ ಬಂದಿದೆ? ಯಾವ ಹೊತ್ತಿಗೆ ಬಂದಿದೆ? ಅದರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿಯದು ಎಷ್ಟು? ವರ್ಷವಾರು ಲೆಕ್ಕವನ್ನು ಲಿಖಿತ ಉತ್ತರದಲ್ಲಿ ತರಿಸಿ.

ಲೆಕ್ಕ ಬಂದ ಮೇಲೆ ಒಂದು ಹೊತ್ತು ಗೊತ್ತು ಮಾಡಿಸಿ. ಸಂಜೆ ಏಳರ ಆಸುಪಾಸಿನಲ್ಲಿ ದಿನಕ್ಕೆ ಅರ್ಧ ಗಂಟೆ ಸಾಕು. ಅದಕ್ಕೆ ತನ್ನದೇ ಹೆಸರು, ತನ್ನದೇ ಗುರುತು ಇರಲಿ. ಪರದೆಯ ಮೂಲೆಯಲ್ಲಿ ಚಂದನದ ಜೊತೆ ‘ಕಲಬುರಗಿ’ ಅನ್ನುವ ಅಕ್ಷರ ಕಾಣಲಿ. ಮಾತಾಡುವವರು ನಮ್ಮ ಕನ್ನಡ ಮಾತಾಡಲಿ. ‘ಹೋಗ್ಯಾರ, ಬಂದಾರ’ ಅಂದರೆ ತಪ್ಪು ಕನ್ನಡ ಅಂತ ಯಾರೂ ತಿದ್ದಬಾರದು. ಇದು ನಾವು ಬೇಡುವ ದಾನವಲ್ಲ. 1990ರ ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಂ ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿಗೆ, ಭಾಷೆಗೆ ಸಾಕಷ್ಟು ಜಾಗ ಕೊಡುವುದನ್ನು ಸಂಸ್ಥೆಯ ಕೆಲಸ ಅಂತಲೇ ಬರೆದಿದೆ.

ಏನು ತೋರಿಸಬೇಕು ಅಂತ ಕೇಳಿದರೆ ಮೋರನಾಳದಿಂದ ಶುರು ಮಾಡಲಿ. ನಿಮ್ಮದೇ ಜಿಲ್ಲೆಯ ಆ ಊರಿನ ಭೀಮವ್ವ ಶಿಳ್ಳೇಕ್ಯಾತರ ಅಜ್ಜಿಗೆ ತೊಗಲುಗೊಂಬೆ ಆಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಬಂದ ದಿನ ಎಲ್ಲರೂ ಅಜ್ಜಿಯ ಮುಖ ತೋರಿಸುತ್ತಾರೆ, ನಿಜ. ಆದರೆ ತೊಗಲುಗೊಂಬೆ ಆಟ ಒಂದು ನಿಮಿಷದ ತುಣುಕಲ್ಲ. ದೀಪ ಹಚ್ಚಿ, ಪರದೆ ಕಟ್ಟಿ, ರಾತ್ರಿಯಿಡೀ ನಡೆಯುವ ಕಥೆ. ಅದನ್ನು ಪೂರ್ತಿ ಚಿತ್ರೀಕರಿಸಿ, ಕಂತು ಕಂತಾಗಿ ತೋರಿಸುವ ತಾಳ್ಮೆ ಸಾರ್ವಜನಿಕ ವಾಹಿನಿಗಲ್ಲದೆ ಇನ್ಯಾರಿಗಿದೆ? ಮೊಹರಂನ ರಿವಾಯತ್ ಪದ, ದೊಡ್ಡಾಟ, ತತ್ವಪದ, ಕಿನ್ನಾಳದ ಗೊಂಬೆ ಮಾಡುವವರ ಮನೆ. ಹೇಳುತ್ತಾ ಹೋದರೆ ಈ ಪತ್ರ ಮುಗಿಯುವುದಿಲ್ಲ.

ಹೆಸರಿನ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. 2024ರ ಜನವರಿಯಲ್ಲಿ ಚೆನ್ನೈನ ಡಿಡಿ ಪೊದಿಗೈ ‘ಡಿಡಿ ತಮಿಳ್’ ಆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ಲೋಗೋ ಕೇಸರಿ ಬಣ್ಣಕ್ಕೆ ತಿರುಗಿತು, ದೊಡ್ಡ ಗಲಾಟೆಯೂ ಆಯಿತು. ಬಣ್ಣದ ಜಗಳಕ್ಕೆ ನಾನು ಇಳಿಯುವುದಿಲ್ಲ. ನನ್ನ ಕಳವಳ ನಮ್ಮ ಚಂದನದ ಬಗ್ಗೆ. ಡಿಡಿ-9 ಅನ್ನುವ ಬರೀ ನಂಬರ್ ಆಗಿದ್ದ ಚಾನೆಲ್‌ಗೆ ಆಮೇಲೆ ಸಿಕ್ಕ ಹೆಸರು ಅದು. ಎಲ್ಲ ರಾಜ್ಯಕ್ಕೂ ಒಂದೇ ಅಚ್ಚು ಇರಲಿ ಅಂತ ಯಾರೋ ಒಬ್ಬರು ನಾಳೆ ಅದನ್ನೂ ಬದಲಿಸಲು ಹೊರಟರೆ, ಕನ್ನಡಿಗರನ್ನು ಕೇಳದೆ ಮುಟ್ಟಬೇಡಿ ಅಂತ ಈಗಲೇ ಹೇಳಿಡಿ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. 2023ರಲ್ಲಂತೂ ಆಲ್ ಇಂಡಿಯಾ ರೇಡಿಯೋ ಅನ್ನುವುದನ್ನು ಬಿಟ್ಟು ಆಕಾಶವಾಣಿ ಅಂತಲೇ ಬಳಸಬೇಕು ಅಂತ ಆದೇಶವಾಯಿತು. ಒಂದು ಊರಿನ ಹೆಸರು ದೇಶಕ್ಕೆ ಹೊಂದುತ್ತದೆ ಅಂತಾದರೆ, ದೇಶದ ಚಾನೆಲ್‌ನಲ್ಲಿ ಒಂದು ಊರಿನ ಹೆಸರು ಯಾಕೆ ಹೊಂದುವುದಿಲ್ಲ?

ಇನ್ನು ಆ ಮಸುಕು ಚೌಕಕ್ಕೆ ಬರುತ್ತೇನೆ. 2024ರ ಮಾರ್ಚ್‌ನಲ್ಲಿ ಪ್ರಸಾರ ಭಾರತಿ ‘ಶಬ್ದ್’ ಅನ್ನುವ ವ್ಯವಸ್ಥೆ ಶುರು ಮಾಡಿದೆ. ತನ್ನ ವರದಿಗಾರರು, ಸ್ಟ್ರಿಂಗರ್‌ಗಳು ಕಳಿಸಿದ ಚಿತ್ರ, ಸುದ್ದಿಯನ್ನು ಬೇರೆ ಮಾಧ್ಯಮಗಳಿಗೂ ಕೊಡುವ ಕೆಲಸ. ಸಣ್ಣ ಚಾನೆಲ್‌ಗಳಿಗೆ ಇದರಿಂದ ಅನುಕೂಲ ಇದೆ, ನಾನು ಒಪ್ಪುತ್ತೇನೆ. ಆದರೆ ದೆಹಲಿಯಿಂದ ನಮ್ಮ ಕಡೆಗೆ ಹರಿದಂತೆ ನಮ್ಮಿಂದ ಅತ್ತಲೂ ಹರಿಯಬೇಕು ಅಲ್ವಾ? ಗಂಗಾವತಿಯ, ಸಿಂಧನೂರಿನ, ಸಿರುಗುಪ್ಪದ ಲೋಕಲ್ ಚಾನೆಲ್ ಚಿತ್ರವನ್ನು ದೂರದರ್ಶನ ಬಳಸಿದರೆ ಪರದೆಯ ಮೇಲೆ ಆ ಚಾನೆಲ್‌ನ ಹೆಸರು ಬರಲಿ, ತೆಗೆದವರಿಗೆ ಗೊತ್ತುಪಡಿಸಿದ ದರದಲ್ಲಿ ದುಡ್ಡು ಹೋಗಲಿ. ಸಾರ್ವಜನಿಕ ವಾಹಿನಿ ಒಂದು ಪದ್ಧತಿ ಹಾಕಿದರೆ, ಖಾಸಗಿಯವರ ಮುಂದೆ ನಮ್ಮ ಹುಡುಗರು ಅದನ್ನೇ ತೋರಿಸಿ ಕೇಳಬಹುದು. ಈಗ ಕೇಳೋಕೆ ಅವರ ಕೈಯಲ್ಲಿ ಏನೂ ಇಲ್ಲ.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಪ್ರಸಾರ ವ್ಯವಸ್ಥೆ ಬಲಪಡಿಸಲು 2,539.61 ಕೋಟಿ ರೂಪಾಯಿಯ ಬಿಂಡ್ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಗಡಿ, ಬುಡಕಟ್ಟು ಪ್ರದೇಶಗಳ ಜೊತೆ, ಹಿಂದುಳಿದವು ಅಂತ ಕೇಂದ್ರ ಗುರುತಿಸಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಿಗೂ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಪೆಟ್ಟಿಗೆ ಕೊಡುವುದು ಅದರಲ್ಲಿತ್ತು. ರಾಯಚೂರು ಆ ಪಟ್ಟಿಯ ಜಿಲ್ಲೆ. ಸಿಂಧನೂರು, ಮಸ್ಕಿ ನಿಮ್ಮ ಕ್ಷೇತ್ರದವು. ಅಲ್ಲಿಗೆ ಎಷ್ಟು ಬಂದವು ಅಂತಲೂ ಕೇಳಿ. ಪೆಟ್ಟಿಗೆ ಬಂದು, ಅದರೊಳಗೆ ನಮ್ಮ ಮಾತು ಬಾರದಿದ್ದರೆ ಜನ ಮತ್ತೆ ಹಿಂದಿ ಸುದ್ದಿ ಹೊತ್ತಿಗೆ ಎದ್ದು ಹೋಗುತ್ತಾರೆ, ನಮ್ಮಪ್ಪನ ಶಾಲೆಯಲ್ಲಿ ಹೋದ ಹಾಗೆ.

ಮುಂದಿನ ಅಧಿವೇಶನದಲ್ಲಿ ಪ್ರಶ್ನೆ ಹಾಕಿದಾಗ ಅದರ ನಂಬರ್ ತಿಳಿಸಿ. ಉತ್ತರ ಬಂದ ದಿನ ಇಲ್ಲಿನ ಹುಡುಗರನ್ನೆಲ್ಲ ಅಂಗಡಿಯಲ್ಲಿ ಕೂರಿಸಿ ಓದುತ್ತೇನೆ. ನೀವು ಗಂಗಾವತಿಗೆ ಬಂದಾಗ ಹತ್ತು ಹದಿನೈದು ನಿಮಿಷ ಬಿಡುವು ಮಾಡಿಕೊಳ್ಳಿ. ಆ ರಾತ್ರಿಯ ಮೂಲ ಚಿತ್ರ ನನ್ನ ಹಾರ್ಡ್ ಡಿಸ್ಕ್‌ನಲ್ಲಿದೆ. 11 ನಿಮಿಷವೂ ಇದೆ, ಮೂಲೆಯಲ್ಲಿ ಲೋಗೋ ಹಾಗೇ ಇದೆ. ಅದನ್ನು ತೆಗೆದ ಹುಡುಗನನ್ನೂ ಕರೆಸಿರುತ್ತೇನೆ.

ಇಂತಿ,
ಗಂಗಾವತಿಯ ಒಬ್ಬ ಹಳೆಯ ಕ್ಯಾಮೆರಾಮನ್